ಕೈಗಡ

ಪಿಳ್ಳಾಂಜಿನಪ್ಪ ಉಡಿದಾರ ಬಿಚ್ಚಿಟ್ಟರು,
ತಾಯಿತ, ಬೀಗದಕೈ, ಅಂಗಿಜೇಬಿನ ಎರಡು ರೇಷ್ಮೆಗೂಡು.
'ಇವು ಕಬ್ಬಿಣ ಅಲ್ವಲ್ಲಮ್ಮ, ಇರ್ಲಿ ಬಿಡಿ.'
ಬೋರಲು ಮಲಗಬೇಕು, ಅಪ್ಪಚ್ಚಿಯಾಗುತ್ತವೆ ಅಂದೆ.
ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು:
'ಒಳಗಿನ ಹುಳ ಸರಿಗಿದ್ರೆ ಟಕ್ ಅಂತದೆ.'
ಆಮೇಲೆ ತಟ್ಟೆಯಲ್ಲಿಟ್ಟರು.

ಮೂವತ್ತೊಂದು ವರ್ಷ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ತಕ್ಕಡಿ ಹಿಡಿದವರು.
ಚಿಕ್ಕಬಳ್ಳಾಪುರದ ಈ ನೆಲಮಾಳಿಗೆಗೆ ಕಾಯಿಲೆಗೆಂದು ಬಂದವರಲ್ಲ.
'ಆರೋಗ್ಯವಂತ ಹೃದಯಗಳು ಬೇಕಾಗಿವೆ,
ಐವತ್ತು ದಾಟಿರಬೇಕು, ಬಸ್ ಚಾರ್ಜು ಕೊಡಲಾಗುವುದು'
ಎಂಬ ನಮ್ಮ ಚೀಟಿ ಓದಿ
'ನಂದು ಸರಿಗೈತೆ' ಅಂತ ಬಂದವರು.

ಎದೆಯ ಕೆಳಗೆ ಸುರುಳಿ, ದೋಸೆಕಲ್ಲಿನಷ್ಟು ಅಗಲ.
ಅದಕ್ಕೆ ನೀರು ಬೇಡ, ಕೊಬ್ಬು ಬೇಡ,
ರಂಜಕದ ದನಿಯೊಂದೇ ಸಾಕು.
'ರಂಜಕ ಅಂದ್ರೆ ಬೆಂಕಿಪೊಟ್ಣದ್ದಾ?'
ಅದೇ. ಹಿಪ್ಪುನೇರಳೆಗೆ ಹಾಕುವ ಗೊಬ್ಬರದ್ದೂ ಅದೇ.
'ಅಂಗಾದ್ರೆ ಎದೆವಳಗೂ ಗೊಬ್ರ ಹೊಡ್ದವ್ರೆ!'
ದಿಂಬಿಗೆ ಮುಖ ಒತ್ತಿಕೊಂಡೇ ನಕ್ಕರು.
ನಗಬೇಡಿ, ಅಲುಗುತ್ತದೆ.

ಒಂದು ಸಲ ಆಲಿಸಿದರೆ ಏನೂ ಕೇಳಿಸುವುದಿಲ್ಲ.
ಹರಾಜಿನ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ.
ಪ್ರತಿ ಬಡಿತಕ್ಕೊಮ್ಮೆ ತಟ್ಟಿ, ಪ್ರತಿ ಬಡಿತಕ್ಕೊಮ್ಮೆ ಕಿವಿಗೊಟ್ಟು
ಐನೂರ ಹನ್ನೆರಡು ಸಲ ಒಂದರ ಮೇಲೊಂದು ಪೇರಿಸಿದರೆ
ಗದ್ದಲ ತನ್ನನ್ನು ತಾನೇ ಹೊಡೆದುಕೊಂಡು ಸಾಯುತ್ತದೆ.
ಪಿಸುಮಾತು ಉಳಿಯುತ್ತದೆ.

ಟಕ ಟಕ ಟಕ ಟಕ.
ಗಾಜಿನ ಈಚೆ ನಾನು, ಆರಿದ ಚಹಾ.
ನಡುವೆ ಬಿಡುವು ಸಿಕ್ಕಾಗ ಮೈಕಿನಲ್ಲಿ ಅವರ ದನಿ:
'ಎಷ್ಟು ಕೇಜಿ ಬತ್ತದೆ?'
ತೂಕದ ಮನುಷ್ಯ. ತೂಕದಲ್ಲೇ ಹೇಳಿದೆ.
ಹೃದಯ ದಿನಕ್ಕೆ ಆರು ಕೇಜಿಯಷ್ಟು ಖರ್ಚು ಮಾಡುತ್ತದೆ, ಮತ್ತೆ ಹುಟ್ಟಿಸುತ್ತದೆ.
ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಯಾವ ಹೊತ್ತಿಗೂ ಒಂದು ಗ್ರಾಮಿಗೂ ಕಮ್ಮಿ,
ಹತ್ತು ಹನ್ನೆರಡು ಬಡಿತಕ್ಕೆ ಖಾಲಿ.
ಖಾಲಿಯಾಗದ ಹಾಗೆ ಪಕ್ಕದಲ್ಲೊಬ್ಬ ನಿಂತಿರುತ್ತಾನೆ,
ಕೇಳಿದ ಕೂಡಲೇ ಕೈಗಡ ಕೊಡುವವನು.
ಬಡ್ಡಿಯಿಲ್ಲ, ಪತ್ರವಿಲ್ಲ.
ಅವನ ಜೇಬಿನಲ್ಲಿ ಎಷ್ಟು, ಗಲ್ಲಾದಲ್ಲಿ ಎಷ್ಟು,
ಅದನ್ನು ಇದರಿಂದ ಭಾಗಿಸುವುದೇ ನನ್ನ ಕೆಲಸ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
'ನಮ್ಮತ್ರ ಖಾದರ್ ಸಾಬ್ರು ಅಂತ ಇದ್ರು, ರೀಲರು.
ಅಂಗೇ ಕೊಡೋರು.'

ಪರದೆಯ ಮೇಲೆ ಐದು ಬೆಟ್ಟ ಎದ್ದವು,
ಈ ಊರಿಗೆ ಬಂದ ಮೊದಲ ಬೆಳಿಗ್ಗೆ
ಬಸ್ಸಿನ ಕಿಟಕಿಯಲ್ಲಿ ಕಂಡ ಪಂಚಗಿರಿಯ ಹಾಗೆ.
ಎಡಕ್ಕೆ ರಕ್ತದ ಗುಡ್ಡ, ಅದರ ಪಾಲು ಕಳೆಯಬೇಕು.
ಬಲಕ್ಕೆ ಗಲ್ಲಾಪೆಟ್ಟಿಗೆಯ ಮೂರು, ಕುಳ್ಳನೆಯವು.
ನಡುವೆ ನಂದಿಯ ಹಾಗೆ ನಿಲ್ಲಬೇಕಿತ್ತು ಕೈಗಡದವನು.

ಒಂದು ಪಾಯಿಂಟ್ ಎರಡು.
ಕಳೆದ ವಾರ ನಾನೇ ಮಲಗಿ ನೋಡಿದಾಗ ನನ್ನದು ಎರಡಿತ್ತು.
ಸುರುಳಿ ಜರುಗಿರಬೇಕು. ಯಕೃತ್ತಿನ ದನಿ ಬೆರೆತಿರಬೇಕು.
ಸರಿಪಡಿಸಿದೆ. ಒಂದು ಪಾಯಿಂಟ್ ಎರಡು.
ಇನ್ನೊಂದು ಸಲ, ಅಂದೆ.
'ಮೂರು ಸಲ ಕೂಗ್ದೆ ಹರಾಜು ಮುಗಿಯಾಕಿಲ್ಲ, ನೋಡಮ್ಮ.'
ಮೂರನೆಯದು ಒಂದು ಪಾಯಿಂಟ್ ಒಂದು.

'ಸರಿಗೈತಾ?'
ಉಡಿದಾರ ಕಟ್ಟಿಕೊಳ್ಳುತ್ತಾ ಕೇಳಿದರು.
ತಕ್ಕಡಿಗೆ ಎಂದೂ ಬೆರಳು ಒತ್ತಿದವರಲ್ಲ.
ನಾನು ಡಾಕ್ಟರಲ್ಲ,
ಇದು ಸಂಶೋಧನೆಯ ಅಂಕಿ, ಕಾಯಿಲೆಯ ಹೆಸರಲ್ಲ.
ಹೀಗೆ ಹೇಳಲು ಕಲಿಸಿದ್ದಾರೆ, ಹೇಳಿದೆ.
ಮುಳ್ಳು ನಿಲ್ಲಲೆಂದು ಕಾಯುವವರ ಹಾಗೆ
ನನ್ನ ಮುಖವನ್ನೇ ನೋಡಿದರು.
ಮೊದಲ ಮಹಡಿಯಲ್ಲಿ ನಿಖತ್ ಡಾಕ್ಟ್ರು, ಇವತ್ತೇ ನೋಡಿಕೊಂಡು ಹೋಗಿ ಅಂದೆ.
'ನಾಕೂ ಹತ್ತಕ್ಕೆ ಬಸ್ಸೈತೆ.'
ಆರೂಕಾಲಿಗೆ ಇನ್ನೊಂದಿದೆ.

ಬಸ್ ಚಾರ್ಜು ಎಣಿಸಿಕೊಂಡು
ಹೆಚ್ಚು ಬಂದಿದ್ದ ಇಪ್ಪತ್ತು ವಾಪಸ್ ಇಟ್ಟರು.
ಐದು ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಂತರು,
ಬೆನ್ನು ನನ್ನ ಕಡೆ.
'ಉಗಾದಿಯಿಂದ ಇಂಗೇಯಾ. ಬಿಸಿಲಂತಿದ್ದೆ.'

ಗೂಡು ಎರಡೂ ತಟ್ಟೆಯಲ್ಲೇ ಉಳಿದಿದ್ದವು.
ಒಂದನ್ನೆತ್ತಿ ಕಿವಿಯ ಹತ್ತಿರ ಹಿಡಿದೆ.
ಅಲ್ಲಾಡಿಸಲು ಯಾಕೋ ಕೈ ಬರಲಿಲ್ಲ.
ಮೇಲೆ, ಒಂದೊಂದೇ ಮೆಟ್ಟಿಲಿಗೆ,
ಚಪ್ಪಲಿಯ ಸದ್ದು.